ಸೋಮವಾರ ಹೂಡಿದ ಲಿನಕ್ಸ್

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅಂಬ್ಲಿಗೊಳದ ಕಡೆ ಇದ್ದ ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಅಜ್ಜಿ ಅದಕ್ಕೂ ಸೋಮವಾರದ ರಜೆ ಕೊಡಿಸಿದಳು. ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ನಮ್ಮ ಮನೆಗೆ ನನ್ನ ಕಂಪ್ಯೂಟರ್ ಬಂದಾಗ ಅದಕ್ಕೂ ವಿಭೂತಿ ಹಚ್ಚಿ, "ಸೋಮವಾರ ಇದನ್ನ ಮುಟ್ಟಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದಳು. ಬ್ರಿಟಿಷರಿಗೇ ಬಗ್ಗದ ಈಸೂರಿನ ಹೆಣ್ಣು ಅವಳು. ಒಮ್ಮೆ ಹೇಳಿದರೆ ಮುಗಿಯಿತು. ಅದೇ ಹಟ ಮೊಮ್ಮಗಳಿಗೂ ಬಂದಿದೆ ಎಂದು ಅಮ್ಮ ಆಗಾಗ ಗೊಣಗುತ್ತಿದ್ದಳು.

ನನಗೆ ಬೇಕಿದ್ದದ್ದು ಮನೆಯ ಮುಂದಿನ ಕೋಣೆ. ಡಿಪ್ಲೊಮಾ ಮುಗಿಸಿದಾಗಿನಿಂದ ಅಲ್ಲಿ ಹೆಂಗಸರಿಗೆ ಕಂಪ್ಯೂಟರ್ ಕ್ಲಾಸು ತೆರೆಯಬೇಕೆಂದು ಕೂತಿದ್ದೆ. ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದ ಅಪ್ಪಾಜಿಗೆ ಆ ಕೋಣೆಯನ್ನು ಗೊಬ್ಬರದ ವ್ಯಾಪಾರಿಯೊಬ್ಬರಿಗೆ ಬಾಡಿಗೆಗೆ ಕೊಡುವ ಮನಸ್ಸು.

"ಒಂದು ಕಂಪ್ಯೂಟರ್ ಇಟ್ಕಂಡು ಕ್ಲಾಸು ಹೆಂಗ್ ಮಾಡ್ತಿ ತಂಗಿ? ಒಬ್ರು ಕೂತ್ರೆ ಉಳಿದೋರು ಬಾಗ್ಲಾಗೆ ನಿಂತು ನೋಡ್ಬೇಕಾ?" ಎಂದು ಅವರು ಕೇಳಿದರು. "ಒಟ್ಟಿಗೆ ಮೂರು ಜನ ಕೂರಂಗೆ ಮಾಡು, ಕೋಣೆ ನಿಂದು. ಆಗಲಿಲ್ಲ ಅಂದ್ರೆ ಕಾರ್ತೀಕದಾಗೆ ಅವ್ರಿಗೆ ಕೊಡ್ತೀನಿ."

ನಾನು ಲಿನಕ್ಸ್‌ಗೆ ಗಂಟು ಬಿದ್ದದ್ದು ಅದಕ್ಕೇ. ವಿಂಡೋಸ್ ಬದಲು ಕಂಪ್ಯೂಟರ್ ಓಡಿಸಬಲ್ಲ ಆ ತಂತ್ರಾಂಶ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಸಿಕ್ಕಿತ್ತು. ಪರದೆ ಮತ್ತು ಕೀಲಿಮಣೆ ಮಾತ್ರ ಇರುವ ಟರ್ಮಿನಲ್ ಎಂಬ ಹಳೆಯ ಸಾಮಾನನ್ನು ಕೇಬಲ್ಲಿನಿಂದ ಯಂತ್ರಕ್ಕೆ ಸಿಕ್ಕಿಸಿದರೆ, ಲಿನಕ್ಸ್‌ನಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಬಹುದಿತ್ತು. ಶಿವಮೊಗ್ಗದ ಗುಜರಿ ಅಂಗಡಿಯಿಂದ ಅಂಥ ಎರಡನ್ನು ಹೊತ್ತು ತಂದೆ. ಮೊದಲನೆಯದು ಹೇಳಿದ ಮಾತು ಕೇಳಿತು. ಎರಡನೆಯದನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ. ನನ್ನದು ಆಗ ತಾನೇ ಮಾರುಕಟ್ಟೆಗೆ ಬಂದಿದ್ದ ಮದರ್‌ಬೋರ್ಡು. ಚಿತ್ರ, ಸದ್ದು ಎಲ್ಲದರ ಏರ್ಪಾಡನ್ನೂ ಅದರ ಮೈಯಲ್ಲೇ ಕೂರಿಸಿ, ಹಿಂಬದಿಯಲ್ಲಿ ಇಂಥ ಕೇಬಲ್ಲಿಗೆ ಒಂದೇ ಒಂದು ಕಿಂಡಿ ಬಿಟ್ಟಿದ್ದರು. ಇನ್ನೊಂದು ಕಿಂಡಿ ಇರುವ ಕಾರ್ಡು ತಂದು ಒಳಗೆ ಕೂರಿಸಿದೆ. ಲಿನಕ್ಸ್‌ಗೆ ಅದು ಕಾಣಲೇ ಇಲ್ಲ. ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ, ಬೈದೆ. ಎರಡನೆಯ ಟರ್ಮಿನಲ್ ಕಪ್ಪಾಗಿಯೇ ಕೂತಿತ್ತು.

ಯಂತ್ರ ಮುಟ್ಟಬಾರದ ಒಂದು ಸೋಮವಾರ ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಸೊರಬದ ಬಸ್ಸು ಹತ್ತಿದೆ. ಅಲ್ಲಿ ನನಗೆ ಪರಿಚಯದ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಓಡಿಸುತ್ತಿದ್ದರು. ಅವರ ಯಂತ್ರದಲ್ಲಿ ಕಾರ್ಡು ಕೂರಿಸಿದ ಕೂಡಲೇ ಕೆಲಸ ಮಾಡಿತು. ನನಗೆ ಮೈಯೆಲ್ಲ ಉರಿಯಿತು.

"ನಿನ್ನ ಬೋರ್ಡು ಅತಿ ಹೊಸದಾಯ್ತು ಮಾರಾಯ್ತಿ," ಎಂದು ಮೇಷ್ಟ್ರು ನಕ್ಕರು. "ಅದನ್ನ ವಾಪಸ್ ಕೊಟ್ಟು ಹಳೇದು ಹಾಕ್ಸ್ಕೊ. ಸುಮ್ನೆ ಯಾಕೆ ಗುದ್ದಾಡ್ತೀಯ?"

ಹೊಸದಾಗಿರುವುದು ತಪ್ಪೇ ಎಂದು ಶಿರಾಳಕೊಪ್ಪ ದಾಟುವವರೆಗೂ ಒಳಗೊಳಗೇ ಜಗಳವಾಡಿದೆ. ಬೋರ್ಡು ಬದಲಿಸುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು. ಅದನ್ನು ಬಗ್ಗಿಸಿಯೇ ಸಿದ್ಧ.

ಕಾರ್ತೀಕ ಬಂತು, ಬೋರ್ಡು ಬಗ್ಗಲಿಲ್ಲ. ಮೊದಲ ಸೋಮವಾರವೇ ಮಧ್ಯಾಹ್ನ ಗೊಬ್ಬರದ ವ್ಯಾಪಾರಿ ಮಾತು ಮುಗಿಸಲು ಬರುವವರಿದ್ದರು. ಅಪ್ಪಾಜಿ ಊಟಕ್ಕೆ ಕೂತವರು ನನ್ನ ಮುಖ ನೋಡದೆ ಅನ್ನ ಕಲಸುತ್ತಿದ್ದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇರಲಿಲ್ಲ.

ನಮ್ಮ ಮನೆಯಲ್ಲಿ ಅಡುಗೆಯೆಲ್ಲ ಅಮ್ಮನದು, ಸಾರಿಗೆ ಉಪ್ಪು ಹಾಕುವುದು ಮಾತ್ರ ಅಜ್ಜಿ. ಅಮ್ಮ ಸೊಸೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು, ಯಾರೂ ಕೂತು ಗೊತ್ತು ಮಾಡಿದ್ದಲ್ಲ. ಆದರೆ ಕಾರ್ತೀಕದ ಉಪವಾಸದ ಸೋಮವಾರ ಅಜ್ಜಿ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ.

"ಅತ್ತೆ ಹಾಕ್ಯಾರೆ ಅಂದ್ಕಂಡೆ," ಎಂದಳು ಅಮ್ಮ.

"ನಾ ಬರಲ್ಲ ಅಂತ ಗೊತ್ತಿಲ್ಲೇನು? ನೀನೇ ಹಾಕ್ತಿ ಅಂದ್ಕಂಡೆ," ಎಂದಳು ದೇವರ ಕೋಣೆಯಿಂದ ಅಜ್ಜಿ.

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಕಂಪ್ಯೂಟರ್ ಶುರುವಾಗುವ ಮೊದಲು ತೆರೆಯಬಹುದಾದ ನೀಲಿ ಪುಟದಲ್ಲಿ ಪ್ಲಗ್ ಅಂಡ್ ಪ್ಲೇ ಎಂಬ ಸಾಲೊಂದಿತ್ತು, ನನ್ನದರಲ್ಲಿ ಅದರ ಮುಂದೆ 'ಹೌದು' ಎಂದಿತ್ತು. ಹಾಗಿದ್ದರೆ ಬೋರ್ಡು ಕಾರ್ಡುಗಳನ್ನು ಎಬ್ಬಿಸುವುದಿಲ್ಲ, ಆಮೇಲೆ ಬರುವ ವಿಂಡೋಸ್ ಎಬ್ಬಿಸಲಿ ಎಂದು ಬಿಟ್ಟುಬಿಡುತ್ತದೆ. ಬೋರ್ಡೇ ಎಬ್ಬಿಸಿರುತ್ತದೆ ಎಂದು ನನ್ನ ಲಿನಕ್ಸ್ ನಂಬಿತ್ತು. ಮೇಷ್ಟ್ರ ಹಳೆಯ ಬೋರ್ಡಿಗೆ ಈ ಪಾಠವೇ ಗೊತ್ತಿರಲಿಲ್ಲ, ಎಲ್ಲವನ್ನೂ ತಾನೇ ಎಬ್ಬಿಸಿತ್ತು. ಆ ಸಾಲನ್ನು 'ಇಲ್ಲ' ಮಾಡಿದರೆ ಸಾಕು.

ಆದರೆ ಅಂದು ಸೋಮವಾರ, ಅದೂ ಕಾರ್ತೀಕದ್ದು. ಅಜ್ಜಿಗೆ ಹೇಳದೆ ಕಂಪ್ಯೂಟರ್ ಶುರು ಮಾಡಬಹುದಿತ್ತು, ಮನಸ್ಸು ಬರಲಿಲ್ಲ. ಕೈ ತೊಳೆದು ನೇರ ಅಜ್ಜಿಯ ಮುಂದೆ ಹೋಗಿ ಕೂತೆ.

"ಅಜ್ಜಿ, ಇವತ್ತೊಂದಿನ ಹೂಡ್ಲಾ? ಇವತ್ತು ಬಿಟ್ರೆ ಕೋಣೆ ಹೋಗ್ತದೆ."

ಅವಳು ರುದ್ರಾಕ್ಷಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಚೆನ್ನಾಗಿ ನೋಡಿದಳು.

"ಸೋಮವಾರ ಬಿಡೋದು ದುಡಿದು ದಣಿದ ಎತ್ತಿಗೆ. ನಿಂದು ಬಂದಾಗಿಂದ ಏನ್ ದುಡಿದೈತೆ? ಹೋಗು, ಹೂಡು."

ಓಡಿದೆ. ನೀಲಿ ಪುಟ ತೆರೆದು 'ಇಲ್ಲ' ಮಾಡಿ ಮತ್ತೆ ಶುರು ಮಾಡಿದೆ. ಬಿಳಿ ಅಕ್ಷರಗಳ ಸಾಲುಗಳು ಸರಿಯುತ್ತಾ ಹೋದವು, ಅವುಗಳ ನಡುವೆ ಎರಡನೆಯ ಕಿಂಡಿಯ ಹೆಸರು ಮೊದಲ ಸಲ ಕಾಣಿಸಿತು. ಮೂಲೆಯ ಟರ್ಮಿನಲ್ಲಿನ ಗಾಜಿನ ಮೇಲೆ ಹಸಿರು ಅಕ್ಷರ ಮೂಡಿತು. ನಿನ್ನ ಹೆಸರೇನು ಎಂದು ಅದು ಕೇಳುತ್ತಿತ್ತು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಅಮ್ಮನನ್ನು ಅಡುಗೆಮನೆಯಿಂದ ಎಳೆದು ತಂದು ಒಂದು ಟರ್ಮಿನಲ್ಲಿನ ಮುಂದೆ ಕೂರಿಸಿದೆ. ಇನ್ನೊಂದಕ್ಕೆ ಯಾರು ಎಂದು ಸುತ್ತ ನೋಡುವಷ್ಟರಲ್ಲಿ ಅಜ್ಜಿಯೇ ಸೆರಗು ಸರಿಮಾಡಿಕೊಂಡು ಬಂದು ಕೂತಳು. ಅವಳಿಗೆ ಕನ್ನಡ ಓದಲೂ ಬರುತ್ತಿರಲಿಲ್ಲ. ವಿಭೂತಿ ಹತ್ತಿದ ಬೆರಳಿನಿಂದ ಒಂದು ಕೀಲಿ ಒತ್ತಿ, ಅಕ್ಷರ ಬಂದದ್ದು ನೋಡಿ, ಇನ್ನೊಂದು ಒತ್ತಿದಳು.

ವ್ಯಾಪಾರಿ ಜಗುಲಿ ಹತ್ತಿದರು. ಅಪ್ಪಾಜಿ ಕೋಣೆಯ ಬಾಗಿಲಲ್ಲಿ ನಿಂತು ನಮ್ಮ ಮೂವರನ್ನೂ ನೋಡುತ್ತಿದ್ದರು. ಮೂರನೆಯವಳು ನಾನು, ಕಂಪ್ಯೂಟರಿನ ಮುಂದೆ ಕೂತಿದ್ದೆ. ಆಮೇಲೆ ಅವರು ಹೊರಗೆ ತಿರುಗಿದರು.

"ಕೋಣೆ ಕೊಡಾಕಾಗಲ್ರೀ. ಕ್ಲಾಸು ಶುರುವಾಗೈತೆ. ನಮ್ಮವ್ವನೂ ಸೇರ್ಕಂಡಾಳೆ."