ಮೊಂಡಿಯ ಕೈಗುಣ

ಹಾಲಿನ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆಕೆಯನ್ನು ಎಲ್ಲರೂ ಮೊಂಡಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಹೆಂಗಸು. ಒದೆಯುವ ಹಸುವಿರಲಿ, ಬೈಯುವ ಯಜಮಾನನಿರಲಿ, ಸೊಂಟಕ್ಕೆ ಕೈಯಿಟ್ಟು ಎದುರು ನಿಂತುಬಿಡುತ್ತಿದ್ದಳು.

ಆ ವರ್ಷ ಮೂರು ಗಬ್ಬದ ಹಸುಗಳು ಒಂದರ ಹಿಂದೊಂದು ದಿನ ತುಂಬುವ ಮೊದಲೇ ಕಂದು ಹಾಕಿದವು. ಇನ್ನು ಗಬ್ಬದಲ್ಲಿ ಉಳಿದದ್ದು ಕಪ್ಪು ಹಸು ಒಂದೇ.

"ನಿನ್ನ ಕೈಗುಣಾನೇ ಸರಿ ಇಲ್ಲ ಕಣಮ್ಮ," ಎಂದ ಯಜಮಾನ. "ಇದೂ ಹೋದ್ರೆ ನೀನೂ ಹೊರಡು."

ಅಬ್ಬಾ, ಆಕೆಗೆ ಬಂದ ಸಿಟ್ಟೇ! "ಇದೇ ಕೈಯಲ್ಲಿ ನೂರಾರು ಕರು ಎಳೆದಿದ್ದೀನಿ. ಆಗೆಲ್ಲಿ ಹೋಗಿತ್ತು ಕೈಗುಣ?"

ಸತ್ತ ಕಂದನ್ನು ತಿಪ್ಪೆಯ ಹಿಂದೆ ಗುಟ್ಟಾಗಿ ಹೂಳಿಬಿಡುವುದು ಅಲ್ಲಿನ ರೂಢಿ. ಮೂರನೆಯದನ್ನು ಮೊಂಡಿ ಹೂಳಲಿಲ್ಲ. ಗ್ಲೌಸ್ ಹಾಕಿಕೊಂಡು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು, ಬಸ್ಸು ಹತ್ತಿ, ಪಶುವೈದ್ಯೆಯ ಮೇಜಿನ ಮುಂದೆ ನಿಂತಳು. "ನನ್ನ ಕೈಗುಣ ಪರೀಕ್ಷೆ ಮಾಡಿ, ಡಾಕ್ಟರಮ್ಮ."

ವೈದ್ಯೆ ಬಂದು ಎಲ್ಲ ದನಗಳ ಕಿವಿಯಂಚಿನ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು: ವೈರಸ್. ಅದನ್ನು ಹರಡುತ್ತಿದ್ದದ್ದು ಮೊಂಡಿಯ ಮುದ್ದಿನ ಪೀಚು ಕರು.

"ತಾಯಿ ಹೊಟ್ಟೆಯಲ್ಲಿದ್ದಾಗಲೇ ಅಂಟಿದ್ದು ಇದು," ಎಂದರು ವೈದ್ಯೆ. "ಬದುಕಿರೋವರೆಗೂ ಜೊಲ್ಲಲ್ಲಿ, ಸಿಂಬಳದಲ್ಲಿ ಹೊರಗೆ ಬರ್ತಾನೇ ಇರುತ್ತೆ. ಔಷಧಿ ಇಲ್ಲ. ಸೂಜಿ ಕೊಟ್ಟು ಸಾಯಿಸೋದೊಂದೇ ದಾರಿ."

ಮೊಂಡಿ ಕರುವಿನತ್ತ ತಿರುಗಿದಳು. ಸೊರಗಿದ್ದ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದವಳು ಆಕೆ. ಚಳಿಯಾಗದಿರಲಿ ಎಂದು ಗಬ್ಬದ ಹಸುಗಳ ನಡುವೆ ಕಟ್ಟಿದವಳೂ ಆಕೆಯೇ.

"ಬಾಯಿ ಬಿಡಬೇಡ," ಎಂದು ಯಜಮಾನ ಪಿಸುಗುಟ್ಟಿದ. "ದನದ ಸಂತೆಗೆ ಹೊಡೆದ್ರೆ ಪೀಡೆ ತೊಲಗುತ್ತೆ."

ಮೊಂಡಿ ಕರುವಿನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. "ಇನ್ನೊಬ್ಬರ ಕೊಟ್ಟಿಗೆ ಹಾಳು ಮಾಡೋಕಾ? ಈ ಹಗ್ಗ ಮುಟ್ಟಿ ನೋಡಿ! ಇಲ್ಲಿ ಕಟ್ಟಿದ್ದು ನಾನೇ, ತಪ್ಪು ನಂದೇ. ಕೇಳಿದವರಿಗೆಲ್ಲ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ವೈದ್ಯೆ ಕೊನೆಯ ಸೂಜಿ ಚುಚ್ಚಿದಾಗ ಕರುವಿನ ತಲೆ ಮೊಂಡಿಯ ತೊಡೆಯ ಮೇಲಿತ್ತು. ಗೊಳೋ ಎಂದು ಅತ್ತಳು, ನಾಚಿಕೆಪಡಲಿಲ್ಲ. ಅಂದೇ ಕೆಲಸವೂ ಹೋಯಿತು.

ಎರಡು ತಿಂಗಳ ಮೇಲೆ ಯಜಮಾನ ಏದುಸಿರು ಬಿಡುತ್ತ ಆಕೆಯ ಬಾಗಿಲು ತಟ್ಟಿದ. "ಕಪ್ಪು ಹಸುವಿಗೆ ನೋವು ಬಂದಿದೆ. ಕರು ಅಡ್ಡ ಸಿಕ್ಕಿದೆ. ಡಾಕ್ಟರಮ್ಮ ಬರೋದು ತಡವಂತೆ, ಬಾರಮ್ಮ!"

"ನನ್ನ ಕೈಗುಣ ಸರಿ ಇಲ್ವಲ್ಲ?" ಎಂದಳು ಮೊಂಡಿ, ಆಗಲೇ ಚಪ್ಪಲಿ ಮೆಟ್ಟುತ್ತ. "ಕರು ಹುಟ್ಟಿದ ಕೂಡಲೇ ಅದರ ಕಿವಿ ಚೂರು ಲ್ಯಾಬಿಗೆ ಹೋಗ್ಬೇಕು. ಒಪ್ಪಿಗೆ ಇದ್ರೆ ನಡೀರಿ, ಇಲ್ಲ ಅಂದ್ರೆ ನೀವೇ ಎಳ್ಕೊಳ್ಳಿ."