ಹಂಡೆಯೊಳಗಿನ ಅರಸ

ಬೆಟಗೇರಿಯಲ್ಲಿ ಪುಂಡಲೀಕಪ್ಪ ಎಂದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ. ‘ಮೈಕ್ ಪುಂಡಲೀಕಪ್ಪ’ ಎನ್ನಿ, ಮನೆತನಕ ಬಿಟ್ಟು ಬರುತ್ತಾರೆ. ಇಪ್ಪತ್ತೆರಡು ವರ್ಷ ಆಟೋದ ಹಿಂದಿನ ಸೀಟಿನಲ್ಲಿ ಕುಳಿತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿ ಓಣಿ ಸುತ್ತಿ ಸೀರೆ ಮಾರಾಟ, ನಾಟಕ, ಕಣ್ಣಿನ ತಪಾಸಣೆ, ಸತ್ತವರ ಸುದ್ದಿ ಎಲ್ಲವನ್ನೂ ಒಂದೇ ಇಂಪಿನಲ್ಲಿ ಸಾರಿದವನು. ಹೆಣ ಎತ್ತುವ ಹೊತ್ತನ್ನೂ ಊಟಕ್ಕೆ ಕರೆದಂತೆ ಹೇಳುತ್ತಾನೆ ಎಂದು ಮಂದಿ ನಗುತ್ತಿದ್ದರು. ಮನೆಯಲ್ಲೂ ಅವನು ದನಿ ಏರಿಸಿದವನಲ್ಲ. ಹೆಂಡತಿ ಸುಮಿತ್ರವ್ವನಿಗಾಗಲಿ, ಮಗಳು ಶೈಲಾಳಿಗಾಗಲಿ ಒಂದು ದಿನ ‘ಲೇ’ ಅಂದಿಲ್ಲ ಎಂಬುದು ಅವನು ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಊರಿಗೆಲ್ಲ ಕೇಳಿಸುವವನಿಗೆ ತನ್ನ ಮಾತು ತನಗೆ ಕೇಳಿಸುತ್ತದೆ ಎಂದೇನಿಲ್ಲ ಬಿಡಿ.

ಈಗ ಆಟೋಗಳಲ್ಲಿ ಪೆನ್ ಡ್ರೈವ್ ಕೂಗುತ್ತದೆ. ಕೆಲಸವಿಲ್ಲದೆ ಕುಳಿತಿದ್ದವನನ್ನು ಗದಗಿನಲ್ಲಿ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡ ಶೀತಲ್ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಜಪಾನಿನ ಅನಿಮೆ ಕಾರ್ಟೂನ್ ಒಂದಕ್ಕೆ ಕನ್ನಡದ ದನಿ ಕೊಡಿಸಬೇಕಿತ್ತು. ಅದರ ಖಳನಾಯಕ ಮುಖವಿಲ್ಲದ ಅರಸ. ಊರಿನ ಸುತ್ತ ಗೋಡೆ ಕಟ್ಟಿ ಮಂದಿಯನ್ನು ಒಳಗಿಟ್ಟುಕೊಂಡವನು.

ಮೊದಲ ದಿನ ಪುಂಡಲೀಕಪ್ಪ ಬಯಲಾಟದ ರಾಕ್ಷಸನಂತೆ ಗರ್ಜಿಸಿದ. ಶೀತಲ್ ಕೈ ಅಡ್ಡ ಮಾಡಿದಳು.

“ಒದರಬ್ಯಾಡ್ರಿ ಕಾಕಾ. ಇಂವಗ ಸಿಟ್ಟ ಬರೂದಿಲ್ಲ. ತಾನು ಕೆಟ್ಟಾಂವ ಅಂತ ಇಂವಗ ಗೊತ್ತ ಇಲ್ಲ. ಎಲ್ಲಾರನೂ ಕಾಯಾಕತ್ತೇನಿ ಅಂತ ತಿಳದಾನ. ಮನ್ಯಾಗ ಮಾತಾಡಿದಂಗ ಮಾತಾಡ್ರಿ.”

ಮನೆಯಲ್ಲಿ ಮಾತಾಡಿದಂತೆ ಮಾತಾಡಿದ. ಶೀತಲ್ ಕಿವಿಯಿಂದ ಹೆಡ್‌ಫೋನ್ ತೆಗೆದು ತೋಳು ತಿಕ್ಕಿಕೊಂಡಳು. “ಮೈ ಜುಮ್ಮ ಅಂತು, ಕಾಕಾ. ಎಲ್ಲಿ ಕಲ್ತ್ರಿ ಇದನ್ನ?” ಪುಂಡಲೀಕಪ್ಪ ಉಬ್ಬಿಹೋದ. ಉಳಿದ ಮಾತುಗಳನ್ನು ನಮ್ಮ ಕಡೆಯ ಭಾಷೆಗೆ ತಾನೇ ತಿರುಗಿಸಿ ಬರೆದು ತರುತ್ತೇನೆಂದು ಹಾಳೆಗಳನ್ನು ಮನೆಗೆ ಒಯ್ದ.

ಅವನ ತಾಲೀಮಿನ ರೀತಿ ಹಳೆಯದು. ಬಚ್ಚಲಮನೆಯ ಖಾಲಿ ತಾಮ್ರದ ಹಂಡೆಯೊಳಗೆ ಮುಖ ತೂರಿಸಿ ಮಾತಾಡುವುದು. ದನಿ ಸುತ್ತಿ ತಿರುಗಿ ಕಿವಿಗೇ ಬಡಿಯುತ್ತದೆ, ತಪ್ಪು ಗೊತ್ತಾಗುತ್ತದೆ. ಆ ಮಧ್ಯಾಹ್ನ ಪಡಸಾಲೆಯಲ್ಲಿ ತಾಯಿ ಮಗಳು ಶೇಂಗಾ ಸುಲಿಯುತ್ತ ಕುಳಿತಿದ್ದರು. ಬಿಂಕದಕಟ್ಟಿಯ ಝೂದಲ್ಲಿ ಶೈಲಾಳಿಗೆ ಕೆಲಸ ಸಿಕ್ಕಿತ್ತು. ಅಂದು ನಾಲ್ಕು ಗಂಟೆಯೊಳಗೆ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಅಪ್ಪ ಬೇಡವೆಂದಿರಲಿಲ್ಲ. ಎಂಟು ದಿನದಿಂದ ‘ವಿಚಾರ ಮಾಡೂಣು’ ಅಂದಿದ್ದ, ಅಷ್ಟೇ.

ಹಂಡೆಯೊಳಗೆ ಅರಸ ಮೆಲ್ಲಗೆ ಬಾಯಿಬಿಟ್ಟ. “ಬಾಗಲಾ ತಗದ ಐತಿ. ಹೋಗವರು ಹೋಗ್ರಿ. ನಾ ಯಾರಿಗೂ ಬ್ಯಾಡ ಅನ್ನೂದಿಲ್ಲ.”

ಹಾಳೆ ಮಗುಚಬೇಕಿತ್ತು. ತೇವಕ್ಕೆ ಎರಡು ಹಾಳೆ ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸುತ್ತಿರುವಾಗಲೇ ಮುಂದಿನ ಮಾತು ಕೇಳಿಸಿತು.

“ಆದರ ಹೊರಗ ನಿನ್ನ ಕೇಳವರು ಯಾರದಾರ?”

ಹೆಣ್ಣು ದನಿ. ಏರಿಲ್ಲ, ಇಳಿವಿಲ್ಲ. ಹಂಡೆಯೇ ಮಾತಾಡಿತೆಂದು ಅವನು ಬೆಚ್ಚಿ ತಲೆ ಹೊರಗೆಳೆದ. ಆಗ ಪಡಸಾಲೆಯಿಂದ ಇನ್ನೊಂದು ದನಿ, ಎಳೆಯದು. “ನಿನ್ನ ಒಳ್ಳೇದಕ್ಕ ಹೇಳತೇನಿ. ಆಮ್ಯಾಲ ನನ್ನ ಅನಬ್ಯಾಡ.”

ಹಾಳೆ ಬಿಚ್ಚಿಕೊಂಡಿತು. ಅಕ್ಷರಕ್ಕೆ ಅಕ್ಷರ ಅವೇ ಎರಡು ಸಾಲು, ಅವನದೇ ಕೈಬರಹದಲ್ಲಿ.

ಅವನು ಪಡಸಾಲೆಗೆ ಬಂದ. “ಇದನ್ನ ಯಾವಾಗ ಓದಿದ್ರಿ?”

“ಏನನ್ನ?” ಸುಮಿತ್ರವ್ವ ತಲೆ ಎತ್ತಲಿಲ್ಲ. “ನೀವ ದಿನಾ ಅನ್ನೂದಲ್ಲೇನ್ರೀ? ಅರ್ಧಕ್ಕ ನಿಲ್ಲಿಸಿದ್ರಿ, ಮುಂದಿಂದು ಬಾಯಿಗೆ ಬಂತು.”

ಹಾಡಲ್ಲ, ಮಂತ್ರವಲ್ಲ, ತನ್ನ ಮಾತು ಇಬ್ಬರಿಗೂ ಬಾಯಿಪಾಠವಾಗಿತ್ತು. ಮದುವೆಯಾದ ಹೊಸದರಲ್ಲಿ ಸುಮಿತ್ರವ್ವ ಸೋಬಾನೆ ಹಾಡುತ್ತಿದ್ದಳು. ಮುಳಗುಂದದ ಮದುವೆಮನೆಗಳಿಂದ ಕರೆ ಬರುತ್ತಿತ್ತು. ‘ಹೋಗು, ನಾ ಬ್ಯಾಡ ಅನ್ನೂದಿಲ್ಲ, ಆದರ…’ ಅಂದಿದ್ದ. ಜಗಳವಾಗಲಿಲ್ಲ, ಅಳುವಾಗಲಿಲ್ಲ. ಅವಳು ಹೋಗಲೂ ಇಲ್ಲ. ಆಮೇಲೆ ಮನೆಯಲ್ಲೂ ಹಾಡಿದ್ದನ್ನು ಅವನು ಕೇಳಿರಲಿಲ್ಲ. ಅದೀಗ ನೆನಪಾಗಿ ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಗೋಡೆಯ ಗಡಿಯಾರದಲ್ಲಿ ಮೂರಾಗಿತ್ತು.

“ಶೈಲಾ, ಬಿಂಕದಕಟ್ಟಿಗೆ ಹೋಗವಾ. ನಾ ಬ್ಯಾಡ ಅನ್ನೂದಿಲ್ಲ.”

ಶೇಂಗಾದ ಮೊರದ ಮೇಲೆ ನಾಲ್ಕೂ ಕೈ ಒಮ್ಮೆಲೇ ನಿಂತವು. ಇಬ್ಬರೂ ಅವನ ಬಾಯಿ ನೋಡುತ್ತ ಕಾದರು. ಕರೆಯದಿದ್ದರೂ ‘ಆದರ’ ನಾಲಿಗೆಗೆ ಏರಿಬಂತು, ಮುಖವಿಲ್ಲದವನ ಅದೇ ಬೆಣ್ಣೆಯಂಥ ದನಿಯಲ್ಲಿ. ಪುಂಡಲೀಕಪ್ಪ ಹೆಗಲಿನ ಟವೆಲ್ಲನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡ.

ಶೈಲಾ ಎದ್ದಳು. ಚೀಲ ತಗೊಂಡಳು, ಚಪ್ಪಲಿ ಮೆಟ್ಟಿದಳು. ಹೊಸ್ತಿಲಲ್ಲಿ ಬೆನ್ನು ಮಾಡಿ ಇನ್ನೂ ಒಂದು ಗಳಿಗೆ ನಿಂತಳು. ಹಿಂದಿನಿಂದ ‘ಆದರ’ ಬರಲಿಲ್ಲ. ಚಪ್ಪಲಿಯ ಸದ್ದು ಓಣಿಯ ತಿರುವಿನತನಕ ಕೇಳಿಸಿತು.

ಸುಮಿತ್ರವ್ವ ಸಿಪ್ಪೆಯ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದಳು.

“‘ಬ್ಯಾಡ ಅನ್ನೂದಿಲ್ಲ’ ಅನ್ನೂ ಮಾತು ಇಷ್ಟರಾಗ ಮುಗೀತಿತ್ತೇನ್ರೀ?”

ಪುಂಡಲೀಕಪ್ಪ ಬಾಯಿಂದ ಟವೆಲ್ಲು ತೆಗೆಯಲಿಲ್ಲ.