ಮೊದಲೇ ಅಚ್ಚಾದ ಪದವಿ

ನನ್ನ ಮಗಳು ಪಿಎಚ್‌ಡಿಗೆ ಸೇರಿದಾಗ ಅದೂ ಬಿಎ, ಎಂಎಗಳಂತೆ ಬೇಗ ಮುಗಿಯುವ ಓದು ಅಂದುಕೊಂಡಿದ್ದೆ. ಹೈಸ್ಕೂಲಿಗೇ ಓದು ನಿಲ್ಲಿಸಿ, ಸೊಸೈಟಿಯಲ್ಲಿ ಗೊಬ್ಬರದ ಮೂಟೆ ಎಣಿಸಿ ನಿವೃತ್ತನಾದ ನನಗೆ ಗೊತ್ತಿದ್ದದ್ದು ಪಾಸು, ಇಲ್ಲವೇ ಫೇಲು. ಅವಳದು ಎರಡೂ ಆಗದೆ ನಡೆದೇ ಇತ್ತು. ನಾಟಿ ಹಾಕುವ ಹೆಂಗಸರ ಪದಗಳು ಅವಳ ವಿಷಯ. ಮಳವಳ್ಳಿಯಲ್ಲಿ ಬಸ್ಸು ಹಿಡಿದು ಇವತ್ತು ಬಂಡೂರು, ನಾಳೆ ಹೊಳಲು ಎಂದು ತಿರುಗಿ, ಗದ್ದೆಯ ಬದುವಿನ ಮೇಲೆ ಕೂತು ಮುದುಕಿಯರ ಹಾಡನ್ನು ಫೋನಿನಲ್ಲಿ ಹಿಡಿದು ತರುತ್ತಿದ್ದಳು. ಮನೆಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಕಿ ಕೇಳಿ ಬರೆಯುವಳು. ಮಂಡ್ಯದಲ್ಲಿದ್ದ ಅವಳ ಗೈಡ್ ಮೇಡಂ ಅದರಲ್ಲಿ ಅರ್ಧ ಹೊಡೆದುಹಾಕಿದರೆ ಮತ್ತೆ ಮೊದಲಿಂದ.

"ನಿಮ್ಮಜ್ಜಿ ಹಾಡ್ಕಂಡೇ ಸತ್ತೋದ್ಲು. ಅವ್ಳಿಗ್ಯಾರೂ ಪಿಎಚ್‌ಡಿ ಕೊಡ್ಲಿಲ್ಲ ಕಣವ್ವ," ಎಂದು ಚುಚ್ಚುತ್ತಿದ್ದೆ.

"ಕೊಡ್ಬೇಕಾಗಿತ್ತು ಕಣಪ್ಪ. ಅದ್ಕೇ ನಾನ್ ಬರೀತಿರೋದು."

ಅವಳಿಗೆ ಮೂವತ್ತು ದಾಟಿತು. ಅಷ್ಟರಲ್ಲಿ ಅವಳ ತಮ್ಮನಿಗೆ ಮದ್ದೂರು ಕಡೆಯ ಹೆಣ್ಣು ಗೊತ್ತಾಯಿತು. "ನನ್ ಓದು ಮುಗೀಲಿ, ಮೊದ್ಲು ಅವಂದು ಮಾಡಿ" ಎಂದವಳು ಅವಳೇ. ಆದರೆ ಮದುವೆಯಾಗದ ಅಕ್ಕ ಮನೆಯಲ್ಲಿರುವಾಗ ತಮ್ಮನ ಮದುವೆ ಎಂದರೆ ನೆಂಟರು ಸುಮ್ಮನಿರುತ್ತಾರೆಯೇ? ನನ್ನ ಹೆಂಡತಿಯ ತಮ್ಮ ಮಳವಳ್ಳಿ ಸಂತೆಯಲ್ಲಿ ನಾಲ್ಕು ಜನರೆದುರೇ ಕೇಳಿದ್ದ: "ಇನ್ನೂವೆ ಓದ್ತಾನೇ ಅವ್ಳಾ ಭಾವ? ಅದೇನ್ ಮುಗಿಯಾಕಿಲ್ವಾ?"

ಲಗ್ನಪತ್ರಿಕೆಯ ಬರಹವನ್ನು ಮಗಳೇ ಚಂದವಾಗಿ ಬರೆದುಕೊಟ್ಟಳು. ಸುಖಾಗಮನ ಬಯಸುವವರ ಸಾಲಿನಲ್ಲಿ ಅವಳ ಬರೀ ಹೆಸರಿತ್ತು. ಮದ್ದೂರಿನ ಪ್ರೆಸ್ಸಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು, "ಇದ್ರ ಮುಂದೆ 'ಡಾ.' ಅಂತ ಹಾಕಪ್ಪ" ಎಂದೆ.

"ಮಗಳು ಡಾಕ್ಟ್ರಾ ಯಜಮಾನ್ರೇ? ಯಾವ ಆಸ್ಪತ್ರೇಲವ್ರೆ?"

"ಆಸ್ಪತ್ರೆ ಅಲ್ಲ ಕಣಯ್ಯ, ಕನ್ನಡದಲ್ಲಿ."

"ಅಂಗಾರೆ ದಪ್ಪಕ್ಷರದಲ್ಲೇ ಹಾಕ್ತೀನಿ ಬುಡಿ."

ಅವಳು ಇನ್ನೂ ಪ್ರಬಂಧವನ್ನೇ ಸಲ್ಲಿಸಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ ಹಂಚುವುದು ನಮ್ಮ ಪದ್ಧತಿ. ಕಟ್ಟು ಬಿಚ್ಚಿ ನೋಡಿದ ಮಗಳು ಅರಿಶಿನದ ಬಟ್ಟಲು ಎಳೆದುಕೊಂಡು, ಮೊದಲು ಆ 'ಡಾ.' ಮೇಲೆ ದಪ್ಪಗೆ ಬಳಿದಳು. ಒಂದಾದ ಮೇಲೆ ಒಂದು.

"ಯಾಕವ್ವ ಹಾಳ್ ಮಾಡ್ತೀಯ?"

"ನಾಕ್ ಮೂಲೆಗೆ ಹಚ್ತೀವಲ್ಲ, ಇದು ಐದ್ನೇ ಮೂಲೆ ಅನ್ಕೋ."

ಆಗ ನಾನು, ಹಿಂದಿನ ದಿನವೇ ಮಂಡ್ಯಕ್ಕೆ ಹೋಗಿ ಎಲೆ ಅಡಿಕೆ, ಹಣ್ಣಿನ ಸಮೇತ ಮೇಡಂಗೆ ಪತ್ರಿಕೆ ಕೊಟ್ಟುಬಂದದ್ದನ್ನು ಹೇಳಿದೆ. ಮೇಡಂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅಭಿನಂದನೆಗಳು. ನಮಗೇ ಗೊತ್ತಿರಲಿಲ್ಲ" ಎಂದಿದ್ದರು. "ಎಲ್ಲ ನಿಮ್ಮಾಶೀರ್ವಾದ" ಎಂದು ನಾನು ಹಲ್ಲು ಕಿರಿದು ಕೈ ಮುಗಿದಿದ್ದೆ.

ಅವಳ ಬೆರಳು ನಿಂತಿತು. "ಮೇಡಂಗೂ ಕೊಟ್ಯಾ?" ಎಂದಳು. ಅಷ್ಟೇ.

ಅರಿಶಿನ ಒಣಗಿದ ಮೇಲೂ ಆ ದಪ್ಪಕ್ಷರ ಎದ್ದು ಕಾಣುತ್ತಿತ್ತು; ಹಾಗೇ ಊರಿಗೆಲ್ಲ ಹಂಚಿದೆ. ಮೇಡಂ ಮದುವೆಗೆ ಬರಲಿಲ್ಲ. ಆಮೇಲೆ ಮಗಳು ಅಧ್ಯಾಯ ಹಿಡಿದು ಹೋದರೆ, "ಡಾಕ್ಟರಿಗೆ ನಾನೇನು ತಿದ್ದಲಿ?" ಎಂದು ಉಳಿದ ವಿದ್ಯಾರ್ಥಿಗಳ ಮುಂದೆ ಹಿಂದಿರುಗಿಸುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಅವಳ ಗೆಳತಿ. "ನಮ್ಮಪ್ಪ ಹಾಕಿಸಿದ್ದು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಗಳು ಮೇಡಂಗೆ ತನ್ನದೇ ತಪ್ಪು ಎಂದಿದ್ದಳು. ಆ ವರ್ಷವೆಲ್ಲ ಅವಳ ಕೆಲಸ ಮುಂದಕ್ಕೆ ಹೋಗಲಿಲ್ಲ. ನಾನೇ ಹೋಗಿ ಒಪ್ಪಿಕೊಳ್ಳಬೇಕೆಂದು ಒಮ್ಮೆ ಮಂಡ್ಯದ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಧೈರ್ಯ ಸಾಲದೆ ಇಳಿದು, ಟೀ ಕುಡಿದು ವಾಪಸು ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಹೆಂಡತಿ ಕೇಳಿದರೆ, ಕನ್ನಡಕ ಸರಿಮಾಡಿಸಲು ಎಂದೆ.

ಕೊನೆಗೂ ಮೇಡಂ ಕರಗಿ, ಪ್ರಬಂಧ ಸಲ್ಲಿಸಲು ಬಿಟ್ಟರು. ಹೋದ ವರ್ಷ ಮಂಡ್ಯದಿಂದ ಮಗಳ ಫೋನು ಬಂತು: "ಅಪ್ಪ, ಆಯ್ತು. ಕೊಟ್ರು." ಚಪ್ಪಲಿಯನ್ನೂ ಮೆಟ್ಟದೆ ಅರಳಿಕಟ್ಟೆಗೆ ಹೋಗಿ, ಅಲ್ಲಿ ಕೂತಿದ್ದವರಿಗೆಲ್ಲ ಹೇಳಿದೆ. ನನ್ನ ಬಾಮೈದನೂ ಅಲ್ಲೇ ಇದ್ದ.

"ಅದಾಗಿ ಎಸ್ಟ್ ವರ್ಸ ಆಯ್ತು ಭಾವ? ಲಗ್ನಪತ್ರಿಕೇಲೇ ಹಾಕ್ಸಿದ್ಯಲ್ಲ," ಎಂದ. "ವಯಸ್ಸಾಯ್ತು ನಿಂಗೆ."

ಎಲ್ಲರೂ ನಕ್ಕರು. ಕುಹಕವಿರಲಿಲ್ಲ, ಅವರು ನನ್ನ ಮಾತನ್ನು ನಂಬಿದ್ದರು, ಅಷ್ಟೇ. ಅವತ್ತಿನದು ಸುಳ್ಳು, ಇವತ್ತಿನದು ನಿಜ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನೂ ನಕ್ಕು, "ಊಂ ಕಣ್ಲಾ, ಮರ್ತೇಬುಟ್ಟಿದ್ದೆ" ಎಂದೆ.

ಸಂಜೆ ಮಗಳು ಸಿಹಿಯ ಡಬ್ಬ ಹಿಡಿದು ಬಸ್ಸಿಳಿದು ಬಂದಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ತೆಂಗಿನಕಾಯಿ ಒಡೆದಿದ್ದ ಬೀದಿಯಲ್ಲಿ ಒಬ್ಬರೂ ಎದ್ದು ಬರಲಿಲ್ಲ. ಬಾಗಿಲಲ್ಲಿ ನಿಂತು, "ಯಾರ್ಗೂ ಹೇಳ್ಲಿಲ್ವಾ ಅಪ್ಪ?" ಎಂದಳು.

"ಹೇಳ್ದೆ ಕಣವ್ವ. ಎಲ್ರಿಗೂ ಗೊತ್ತಿತ್ತು."

ಅವಳು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಗೊತ್ತಿರ್ತದೆ ಬುಡು," ಎಂದು ಡಬ್ಬವನ್ನು ನನ್ನ ಕೈಗಿಟ್ಟು ಕಾಲು ತೊಳೆಯಲು ಹೋದಳು. ಅದನ್ನು ಯಾರ ಮನೆಗೆ ಒಯ್ಯಬೇಕೆಂದು ತಿಳಿಯದೆ ನಾನು ಅಲ್ಲೇ ನಿಂತಿದ್ದೆ.